ದಾಳಿಂಬೆಯ ದುಂಡಾಣು ಅಂಗಮಾರಿ ರೋಗ: ರೋಗಾಣುವಿನ ಕೋಶ ವಿಭಜನೆ ಹಾಗೂ ರೋಗ ವೃದ್ಧಿಯ ಕ್ರಮ

ಪೀಠಿಕೆ

ಬಾಗಲಕೋಟೆ, ವಿಜಯಪುರ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ ಹಾಗೂ ತುಮಕೂರು ಜಿಲ್ಲೆಗಳ ಒಣ ಪ್ರದೇಶಗಳಲ್ಲಿ ದಾಳಿಂಬೆಯು ಪ್ರಮುಖ ವಾಣಿಜ್ಯ ಹಣ್ಣಿನ ಬೆಳೆಯಾಗಿದೆ. ಕಡಿಮೆ ನೀರಿನಲ್ಲಿ ಬೆಳೆದು ಉತ್ತಮ ಬೆಲೆ ತಂದುಕೊಡುವ ಈ ಬೆಳೆಗೆ ದುಂಡಾಣು ಅಂಗಮಾರಿ ರೋಗವು ದೊಡ್ಡ ಕಂಟಕವಾಗಿ ಪರಿಣಮಿಸಿದೆ. 2000ದ ನಂತರದ ವರ್ಷಗಳಲ್ಲಿ ಕರ್ನಾಟಕ ಹಾಗೂ ಮಹಾರಾಷ್ಟ್ರಗಳಲ್ಲಿ ಈ ರೋಗವು ತೀವ್ರ ಸ್ವರೂಪದಲ್ಲಿ ಹಬ್ಬಿ, ಅನೇಕ ಬೆಳೆಗಾರರು ಫಸಲು ಕೊಡುತ್ತಿದ್ದ ತೋಟಗಳನ್ನೇ ಬುಡಸಮೇತ ಕಿತ್ತುಹಾಕಬೇಕಾಯಿತು. ಸಸಿ, ಹನಿ ನೀರಾವರಿ ಹಾಗೂ ಗೊಬ್ಬರಕ್ಕೆಂದು ತಂದ ಸಾಲ ಮಾತ್ರ ಹಾಗೆಯೇ ಉಳಿಯಿತು.

ಮಳೆ ಬಂದು ಮೋಡ ಕವಿದ ನಾಲ್ಕಾರು ದಿನಗಳಲ್ಲಿ ಇಡೀ ತೋಟಕ್ಕೆ ರೋಗ ತಗುಲಿತೆಂದು ಬೆಳೆಗಾರರು ಹೇಳುವುದು ಸಾಮಾನ್ಯ. ಈ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇರುವುದಿಲ್ಲ. ಆದರೆ ರೋಗವು ಆ ದಿನಗಳಲ್ಲಿ ಹೊರಗಿನಿಂದ ಬಂದದ್ದೆಂದು ತಿಳಿಯುವುದು ಸರಿಯಲ್ಲ. ಬಹುಪಾಲು ಸಂದರ್ಭಗಳಲ್ಲಿ ರೋಗಾಣುವು ಅದಕ್ಕೂ ಮೊದಲೇ ತೋಟದಲ್ಲಿದ್ದು, ಅನುಕೂಲ ಸಮಯ ಒದಗಿದೊಡನೆ ತನ್ನ ಸಂಖ್ಯೆಯನ್ನು ವೃದ್ಧಿಸಿಕೊಂಡಿರುತ್ತದೆ. ಈ ವೃದ್ಧಿಯು ಕೋಶ ವಿಭಜನೆಯೆಂಬ ಒಂದೇ ಕ್ರಿಯೆಯಿಂದ ನಡೆಯುತ್ತದೆ. ಈ ಕ್ರಿಯೆಯನ್ನು ಅರಿತಲ್ಲಿ, ಇಲಾಖೆಯು ಶಿಫಾರಸು ಮಾಡುವ ಸ್ವಚ್ಛತಾ ಕ್ರಮಗಳು, ಹಂಗಾಮಿನ ಆಯ್ಕೆ ಹಾಗೂ ಸಿಂಪರಣೆಯ ಸಮಯ ಇವುಗಳ ಹಿಂದಿನ ಕಾರಣ ತಿಳಿಯುತ್ತದೆ. ಬೆಳೆಗಾರರು, ವಿದ್ಯಾರ್ಥಿಗಳು ಹಾಗೂ ಆಸಕ್ತ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ.

ರೋಗಾಣುವಿನ ಪರಿಚಯ

ಈ ರೋಗವನ್ನು ಭಾರತದಲ್ಲಿ ಮೊದಲಿಗೆ 1952ರಲ್ಲಿ ದೆಹಲಿಯಿಂದ ವರದಿ ಮಾಡಲಾಯಿತು. ರೋಗಕಾರಕ ಜೀವಿಗೆ 1959ರಲ್ಲಿ ಕ್ಸಾಂಥೋಮೊನಾಸ್ ಪ್ಯೂನಿಸಿ ಎಂಬ ಹೆಸರನ್ನು ನೀಡಲಾಯಿತು. ನಂತರ ವರ್ಗೀಕರಣದಲ್ಲಿ ಬದಲಾವಣೆಗಳಾಗಿ, ಹಳೆಯ ಕೈಪಿಡಿಗಳಲ್ಲಿ ಕ್ಸಾಂಥೋಮೊನಾಸ್ ಆಕ್ಸೊನೊಪೋಡಿಸ್ ಎಂದೂ, ಈಚಿನ ಬರಹಗಳಲ್ಲಿ ಕ್ಸಾಂಥೋಮೊನಾಸ್ ಸಿಟ್ರಿ ಎಂದೂ, ಎರಡರ ಜೊತೆಗೂ ಪ್ಯೂನಿಸಿ ಎಂಬ ಉಪವಿಭಾಗದ ಹೆಸರನ್ನು ಸೇರಿಸಿ ಬರೆಯುವುದು ಕಂಡುಬರುತ್ತದೆ. ಹೆಸರುಗಳು ಬೇರೆಯಾದರೂ ಜೀವಿ ಒಂದೇ. ನಿಂಬೆ ಜಾತಿಯ ಗಿಡಗಳಲ್ಲಿ ಕಜ್ಜಿ ರೋಗವನ್ನುಂಟುಮಾಡುವ ದುಂಡಾಣು ಇದರ ಹತ್ತಿರದ ಸಂಬಂಧಿಯಾಗಿದೆ. ಮಹಾರಾಷ್ಟ್ರದ ಗಡಿಭಾಗದ ಬೆಳೆಗಾರರಲ್ಲಿ ದಾಳಿಂಬೆಯ ಈ ರೋಗಕ್ಕೆ ತೇಲ್ಯಾ ಎಂಬ ಹೆಸರಿದೆ. ಎಲೆಯ ಮೇಲೆ ಮೊದಲು ಕಾಣುವ ಮಚ್ಚೆಯು ಎಣ್ಣೆ ಹನಿ ಬಿದ್ದಂತೆ ಇರುವುದರಿಂದ ಈ ಹೆಸರು ಬಂದಿದೆ.

ಕನ್ನಡದಲ್ಲಿ ದುಂಡಾಣು ಎಂಬ ಪದವು ರೂಢಿಯಲ್ಲಿದ್ದರೂ ಈ ರೋಗಾಣುವು ದುಂಡಗಿಲ್ಲ, ಚಿಕ್ಕ ಕಡ್ಡಿಯ ಆಕಾರದಲ್ಲಿದೆ. ಇದರ ಅಗಲವು ಒಂದು ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ, ಉದ್ದವು ಅದರ ಎರಡರಿಂದ ನಾಲ್ಕು ಪಟ್ಟು. ಒಂದು ತುದಿಯಲ್ಲಿ ಈಜಲು ನೆರವಾಗುವ ಒಂದು ಎಳೆ ಇರುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದಾಗ ಹಳದಿ ಬಣ್ಣದ ಲೋಳೆಯಂತಹ ಗುಂಪುಗಳಾಗಿ ಕಾಣುತ್ತದೆ. ಕ್ಸಾಂಥೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಹಳದಿ. ಈ ಲೋಳೆಯಂತಹುದೇ ವಸ್ತುವನ್ನು ಇದೇ ಕುಲದ ಇನ್ನೊಂದು ದುಂಡಾಣುವಿನಿಂದ ಕಾರ್ಖಾನೆಗಳಲ್ಲಿ ತಯಾರಿಸಿ, ಕ್ಸಾಂಥನ್ ಗಮ್ ಎಂಬ ಹೆಸರಿನಲ್ಲಿ ಐಸ್‌ಕ್ರೀಂ ಹಾಗೂ ಸಾಸ್‌ಗಳನ್ನು ಗಟ್ಟಿಗೊಳಿಸಲು ಬಳಸಲಾಗುತ್ತಿದೆ.

ಶಿಲೀಂಧ್ರಗಳು ಬೀಜಕಣಗಳನ್ನು ಉತ್ಪಾದಿಸುತ್ತವೆ, ಕೀಟಗಳು ಮೊಟ್ಟೆಯಿಡುತ್ತವೆ. ಈ ದುಂಡಾಣುವಿಗೆ ಅಂತಹ ಯಾವ ಸಾಧನವೂ ಇಲ್ಲ. ಒಂದು ಕೋಶವು ಬೆಳೆದು ನಡುವೆ ಸೀಳಿ ಎರಡಾಗುವುದೊಂದೇ ಇದರ ವಂಶಾಭಿವೃದ್ಧಿಯ ಮಾರ್ಗ. ಇದಕ್ಕೆ ದ್ವಿವಿದಳನ ಎನ್ನುತ್ತಾರೆ.

ಕೋಶವು ಎರಡಾಗುವ ವಿಧಾನ

ದುಂಡಾಣುಗಳ ಕೋಶ ವಿಭಜನೆಯ ವಿವರಗಳಲ್ಲಿ ಹೆಚ್ಚಿನವು ಮನುಷ್ಯರ ಕರುಳಿನಲ್ಲಿ ವಾಸಿಸುವ ಇ-ಕೋಲಿ ಎಂಬ ದುಂಡಾಣುವಿನ ಮೇಲೆ ನಡೆದ ಸಂಶೋಧನೆಗಳಿಂದ ತಿಳಿದುಬಂದಿವೆ. ನಿಂಬೆಯ ಕಜ್ಜಿ ರೋಗಾಣುವಿನ ಮೇಲೆ ಬ್ರೆಜಿಲ್ ದೇಶದಲ್ಲಿ ವಿಶೇಷ ಅಧ್ಯಯನಗಳು ನಡೆದಿವೆ. ಆ ದೇಶದ ಕಿತ್ತಳೆ ಉದ್ಯಮಕ್ಕೆ ಕಜ್ಜಿ ರೋಗವು ದೊಡ್ಡ ಅಪಾಯವಾಗಿರುವುದೇ ಇದಕ್ಕೆ ಕಾರಣ. ವಿಭಜನೆಯ ಮುಖ್ಯ ಯಂತ್ರಾಂಗವು ಈ ಎಲ್ಲ ದುಂಡಾಣುಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯದಾಗಿದೆ.

ಆಹಾರ, ನೀರು ಹಾಗೂ ತಕ್ಕ ಉಷ್ಣಾಂಶ ದೊರೆತಾಗ ಕೋಶವು ಮೊದಲು ಉದ್ದವಾಗತೊಡಗುತ್ತದೆ. ಅಗಲದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಕೋಶದ ಸುತ್ತ ಒಳಪೊರೆ, ಅದರ ಹೊರಗೆ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿನ ತೆಳುವಾದ ಬಲೆಯಂತಹ ಭಿತ್ತಿ, ಅದರ ಹೊರಗೆ ಮತ್ತೊಂದು ಪೊರೆ, ಹೀಗೆ ಮೂರು ಹೊದಿಕೆಗಳಿವೆ. ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಕೋಶದ ಒಳಗಿನಿಂದ ಸದಾ ಒತ್ತಡವಿರುವುದರಿಂದ ಈ ಭಿತ್ತಿಯಲ್ಲಿ ಎಲ್ಲಿಯಾದರೂ ದೊಡ್ಡ ಸೀಳು ಬಿದ್ದರೆ ಕೋಶವು ಒಡೆದು ಸಾಯುತ್ತದೆ. ಆದ್ದರಿಂದ ಕೋಶವು ಬೆಳೆಯುವಾಗ ಬಲೆಯ ಎಳೆಗಳನ್ನು ಅಲ್ಲಲ್ಲಿ ಬಿಚ್ಚಿ ಹೊಸ ಎಳೆಗಳನ್ನು ಅಷ್ಟಷ್ಟಾಗಿ ಸೇರಿಸುತ್ತಾ ಹೋಗುತ್ತದೆ.

ಇದರ ಜೊತೆಯಲ್ಲಿಯೇ ಅನುವಂಶೀಯ ವಸ್ತುವಾದ ಡಿಎನ್‌ಎಯ ನಕಲು ತೆಗೆಯುವ ಕಾರ್ಯ ನಡೆಯುತ್ತದೆ. ಈ ಕುಲದ ದುಂಡಾಣುಗಳಲ್ಲಿ ಡಿಎನ್‌ಎಯು ಸುಮಾರು 50 ಲಕ್ಷ ಅಕ್ಷರಗಳಷ್ಟು ಉದ್ದದ, ಬಳೆಯಂತೆ ಎರಡೂ ತುದಿಗಳು ಕೂಡಿಕೊಂಡಿರುವ ಒಂದು ವರ್ಣತಂತುವಾಗಿರುತ್ತದೆ. ಅದನ್ನು ಬಿಡಿಸಿ ಎಳೆದರೆ ಸುಮಾರು 1.7 ಮಿಲಿಮೀಟರ್ ಉದ್ದವಾಗುತ್ತದೆ, ಅಂದರೆ ಕೋಶದ ಉದ್ದದ ಸುಮಾರು ಸಾವಿರ ಪಟ್ಟು. ಇಷ್ಟು ಉದ್ದದ ಎಳೆಯನ್ನು ಸುತ್ತಿ ಮಡಿಚಿ ಕೋಶದೊಳಗೆ ಇರಿಸಲಾಗಿರುತ್ತದೆ. ನಕಲು ಮಾಡುವ ಕಾರ್ಯವು ಬಳೆಯ ಒಂದು ನಿಗದಿತ ಸ್ಥಳದಿಂದ ಪ್ರಾರಂಭವಾಗಿ, ಎರಡು ದಿಕ್ಕುಗಳಲ್ಲಿ ಏಕಕಾಲಕ್ಕೆ ಸಾಗಿ, ಎದುರು ಭಾಗದಲ್ಲಿ ಸಂಧಿಸುತ್ತದೆ. ಇ-ಕೋಲಿಯಲ್ಲಿ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 1,000 ಅಕ್ಷರಗಳು ನಕಲಾಗುತ್ತವೆ. ನಕಲು ಪೂರ್ಣಗೊಳ್ಳುವವರೆಗೆ ಕಾಯದೆ, ಪ್ರಾರಂಭದ ಸ್ಥಳದ ಎರಡು ಪ್ರತಿಗಳನ್ನು ಪಾರ್ ಎಂಬ ಗುಂಪಿನ ಪ್ರೋಟೀನ್‌ಗಳು ಹಿಡಿದು ಕೋಶದ ಎರಡು ತುದಿಗಳ ಕಡೆಗೆ ಸರಿಸುತ್ತವೆ. ಹೀಗಾಗಿ ಎರಡು ಮರಿ ಕೋಶಗಳಿಗೂ ಒಂದೊಂದು ಪೂರ್ಣ ಪ್ರತಿ ದೊರೆಯುತ್ತದೆ.

ಇನ್ನು ಕೋಶವನ್ನು ಎಲ್ಲಿ ಸೀಳಬೇಕೆಂಬುದು ನಿರ್ಧಾರವಾಗಬೇಕು. ನಡುವೆ ಸೀಳಿದರೆ ಎರಡು ಸಮನಾದ ಕೋಶಗಳು ದೊರೆಯುತ್ತವೆ. ತುದಿಯಲ್ಲಿ ಸೀಳಿದರೆ ಡಿಎನ್‌ಎ ಇಲ್ಲದ, ಮುಂದೆ ವಿಭಜನೆಯಾಗಲಾರದ ಚಿಕ್ಕ ಕೋಶವೊಂದು ವ್ಯರ್ಥವಾಗಿ ಹುಟ್ಟುತ್ತದೆ. ಈ ತಪ್ಪನ್ನು ತಡೆಯಲು ದುಂಡಾಣುವಿನಲ್ಲಿ ಮಿನ್ ಎಂಬ ಮೂರು ಪ್ರೋಟೀನ್‌ಗಳ ವ್ಯವಸ್ಥೆಯಿದೆ. ಇವುಗಳಲ್ಲಿ ಮಿನ್-ಸಿ ಎಂಬುದು ತಾನಿರುವ ಕಡೆ ವಿಭಜನೆ ಪ್ರಾರಂಭವಾಗದಂತೆ ತಡೆಯೊಡ್ಡುತ್ತದೆ. ಮಿನ್-ಡಿ ಅದನ್ನು ಒಳಪೊರೆಗೆ ಅಂಟಿಸುತ್ತದೆ. ಮಿನ್-ಇ ಇವೆರಡನ್ನೂ ಅಲ್ಲಿಂದ ಎಬ್ಬಿಸಿ ಓಡಿಸುತ್ತದೆ. ಎಬ್ಬಿಸಲ್ಪಟ್ಟವು ಎದುರು ತುದಿಗೆ ಹೋಗಿ ಕೂರುತ್ತವೆ, ಅಲ್ಲಿಂದಲೂ ಎಬ್ಬಿಸಲ್ಪಟ್ಟು ಮರಳಿ ಮೊದಲಿನ ತುದಿಗೆ ಬರುತ್ತವೆ. ಇ-ಕೋಲಿಯಲ್ಲಿ ಈ ಓಡಾಟವನ್ನು 1999ರಲ್ಲಿ ಸೂಕ್ಷ್ಮದರ್ಶಕದ ಮೂಲಕ ಕಂಡುಕೊಳ್ಳಲಾಯಿತು. ಒಂದು ಸುತ್ತಿಗೆ ತಗಲುವ ಸಮಯ ಸುಮಾರು ಒಂದು ನಿಮಿಷ ಮಾತ್ರ. ನಿಂಬೆಯ ಕಜ್ಜಿ ರೋಗಾಣುವಿನಲ್ಲಿಯೂ ಮಿನ್-ಸಿ ಹೀಗೆಯೇ ತುದಿಯಿಂದ ತುದಿಗೆ ಓಡಾಡುವುದನ್ನು 2017ರಲ್ಲಿ ತೋರಿಸಲಾಯಿತು. ತಡೆಯೊಡ್ಡುವ ಪ್ರೋಟೀನ್ ಹೆಚ್ಚಿನ ಸಮಯ ತುದಿಗಳಲ್ಲಿಯೇ ಇರುವುದರಿಂದ, ನಡುಭಾಗವು ತಡೆಯಿಲ್ಲದ ಸ್ಥಳವಾಗಿ ಉಳಿಯುತ್ತದೆ. ಅಳತೆಪಟ್ಟಿಯಿಲ್ಲದೆ ಮಧ್ಯಬಿಂದುವನ್ನು ಕಂಡುಹಿಡಿಯುವ ಉಪಾಯವಿದು.

ಹೀಗೆ ಗೊತ್ತಾದ ಮಧ್ಯಭಾಗದಲ್ಲಿ, ಒಳಪೊರೆಯ ಒಳಮಗ್ಗುಲಿಗೆ ಎಫ್‌ಟಿಎಸ್-ಝಡ್ ಎಂಬ ಪ್ರೋಟೀನ್‌ನ ಸಾವಿರಾರು ಕಣಗಳು ಒಂದಕ್ಕೊಂದು ಕೂಡಿಕೊಂಡು ಚಿಕ್ಕ ಚಿಕ್ಕ ಎಳೆಗಳಾಗಿ, ಎಲ್ಲವೂ ಸೇರಿ ಒಂದು ಉಂಗುರವಾಗಿ ಏರ್ಪಡುತ್ತವೆ. ಈ ಉಂಗುರವು 1991ರಲ್ಲಿ ಪತ್ತೆಯಾಯಿತು. ಪ್ರೋಟೀನ್‌ನ ಹೆಸರಿಗೂ ಒಂದು ಹಿನ್ನೆಲೆಯಿದೆ. ಉಷ್ಣಾಂಶ ಹೆಚ್ಚಿಸಿದಾಗ ವಿಭಜನೆಯಾಗದೆ ದಾರದಂತೆ ಉದ್ದುದ್ದ ಬೆಳೆಯುವ ಇ-ಕೋಲಿ ತಳಿಗಳ ಅಧ್ಯಯನದಿಂದ ಈ ಗುಂಪಿನ ಪ್ರೋಟೀನ್‌ಗಳು ಬೆಳಕಿಗೆ ಬಂದವು. ದಾರದಂತಾಗುವ ಹಾಗೂ ಉಷ್ಣಕ್ಕೆ ಸೂಕ್ಷ್ಮವಾದ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳೇ ಎಫ್‌ಟಿಎಸ್. ಈ ಪ್ರೋಟೀನ್ ಕೆಲಸ ಮಾಡದಿದ್ದಲ್ಲಿ ಕೋಶವು ಬೆಳೆಯುತ್ತದೆ, ಡಿಎನ್‌ಎ ನಕಲೂ ಆಗುತ್ತದೆ, ಆದರೆ ಒಂದು ಎರಡಾಗುವುದಿಲ್ಲ.

ಉಂಗುರದ ಎಳೆಗಳು ಒಂದೇ ಸ್ಥಳದಲ್ಲಿ ನಿಲ್ಲುವುದಿಲ್ಲ. ಪ್ರತಿ ಎಳೆಯ ಒಂದು ತುದಿಗೆ ಹೊಸ ಕಣಗಳು ಸೇರುತ್ತಾ, ಇನ್ನೊಂದು ತುದಿಯಿಂದ ಹಳೆಯ ಕಣಗಳು ಕಳಚುತ್ತಾ ಇರುವುದರಿಂದ, ಎಳೆಯು ಕೋಶದ ಸುತ್ತಳತೆಯಲ್ಲಿ ಮುಂದೆ ಮುಂದೆ ಸರಿದಂತಾಗುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನಗಳು ಈ ಚಲನೆಯನ್ನು ಸ್ಪಷ್ಟಪಡಿಸಿದವು. ಉಂಗುರಕ್ಕೆ ಇತರೆ ಹಲವಾರು ಪ್ರೋಟೀನ್‌ಗಳು ಬಂದು ಸೇರುತ್ತವೆ. ಕೆಲವು ಉಂಗುರವನ್ನು ಪೊರೆಗೆ ಬಿಗಿಯುತ್ತವೆ. ಎಫ್‌ಟಿಎಸ್-ಡಬ್ಲ್ಯೂ ಹಾಗೂ ಎಫ್‌ಟಿಎಸ್-ಐ ಎಂಬವು ಗೌಂಡಿಗಳಂತೆ ಹೊಸ ಭಿತ್ತಿಯನ್ನು ಒಳಮುಖವಾಗಿ ಕಟ್ಟುತ್ತಾ ಬರುತ್ತವೆ. ಎಫ್‌ಟಿಎಸ್-ಕೆ ಎಂಬುದು, ಮುಚ್ಚುತ್ತಿರುವ ಬಾಗಿಲಲ್ಲಿ ಡಿಎನ್‌ಎಯ ತುಂಡೇನಾದರೂ ಸಿಕ್ಕಿಕೊಂಡಿದ್ದರೆ ಅದನ್ನು ಆಯಾ ಬದಿಗೆ ಎಳೆದು ತೆರವುಗೊಳಿಸುತ್ತದೆ. ಉಂಗುರವು ಕಿರಿದಾಗುತ್ತಾ ಬಂದಂತೆ ಕೋಶದ ಸೊಂಟವೂ ಕಿರಿದಾಗಿ, ಮೂರೂ ಹೊದಿಕೆಗಳು ಒಳಗೆ ಸರಿದು ಕೂಡಿಕೊಳ್ಳುತ್ತವೆ. ಕೊನೆಯಲ್ಲಿ ಎರಡು ಮರಿ ಕೋಶಗಳ ನಡುವೆ ಉಳಿದ ಭಿತ್ತಿಯ ಬಂಧವನ್ನು ಕಿಣ್ವಗಳು ಕತ್ತರಿಸಿದೊಡನೆ ಅವು ಬೇರ್ಪಡುತ್ತವೆ. ಎರಡರಲ್ಲಿ ತಾಯಿ ಯಾವುದು, ಮಗಳು ಯಾವುದು ಎಂದು ಹೇಳಲು ಬರುವುದಿಲ್ಲ. ಅನುಕೂಲ ಪರಿಸ್ಥಿತಿ ಮುಂದುವರಿದಲ್ಲಿ ಎರಡೂ ಕೋಶಗಳು ಪುನಃ ಬೆಳೆಯತೊಡಗುತ್ತವೆ.

ಎಲ್ಲ ಸಸ್ಯ ರೋಗಾಣುಗಳೂ ಇದೇ ಕ್ರಮದಲ್ಲಿ ಬೆಳೆಯುತ್ತವೆ ಎನ್ನುವಂತಿಲ್ಲ. ದ್ರಾಕ್ಷಿ, ಗುಲಾಬಿ ಮುಂತಾದ ಗಿಡಗಳ ಬುಡದಲ್ಲಿ ಗಂಟುಗಳನ್ನುಂಟುಮಾಡುವ ಆಗ್ರೋಬ್ಯಾಕ್ಟೀರಿಯಂ ಗುಂಪಿನ ದುಂಡಾಣುಗಳು ಬದಿಗಳಲ್ಲಿ ಬೆಳೆಯದೆ, ಒಂದೇ ತುದಿಯಿಂದ ಮೊಳಕೆಯಂತೆ ಬೆಳೆದು ನಂತರ ಬೇರ್ಪಡುತ್ತವೆ. ಇದು 2012ರಲ್ಲಿ ತಿಳಿದುಬಂದಿತು. ಅಲ್ಲಿಯೂ ಕೊನೆಗೆ ಸೀಳುವ ಕೆಲಸ ಎಫ್‌ಟಿಎಸ್-ಝಡ್ ಉಂಗುರದ್ದೇ ಆಗಿದೆ.

ಗಿಡದೊಳಗೆ ವಿಭಜನೆ

ಮಳೆಹನಿಯೊಂದಿಗೆ ಎಲೆಯ ಮೇಲೆ ಬಿದ್ದ ರೋಗಾಣುವು ಪತ್ರರಂಧ್ರಗಳ ಮೂಲಕ ಅಥವಾ ಗಾಳಿ, ಮುಳ್ಳು, ಕೀಟ, ಕತ್ತರಿ ಇವುಗಳಿಂದಾದ ಗಾಯಗಳ ಮೂಲಕ ಒಳಸೇರುತ್ತದೆ. ಇದು ಗಿಡದ ಜೀವಕೋಶದೊಳಗೆ ನುಗ್ಗುವುದಿಲ್ಲ. ಜೀವಕೋಶಗಳ ನಡುವಿನ ಸಂದುಗಳಲ್ಲಿ ನೆಲೆಸಿ, ಅಲ್ಲಿಯ ತೇವದಲ್ಲಿ ವಿಭಜನೆಯಾಗುತ್ತದೆ. ಒಣ ಹವೆಯಲ್ಲಿ ಈ ಸಂದುಗಳಲ್ಲಿ ಗಾಳಿ ತುಂಬಿರುತ್ತದೆ. ಸತತ ಮಳೆ ಹಾಗೂ ಮೋಡದ ದಿನಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಉಷ್ಣಾಂಶವು 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ಗಾಳಿಯ ತೇವಾಂಶವು ಶೇಕಡ 80ಕ್ಕಿಂತ ಹೆಚ್ಚಿದ್ದಾಗ ವಿಭಜನೆಯ ವೇಗವು ಅತಿ ಹೆಚ್ಚಾಗಿರುತ್ತದೆ.

ಮೊದಲ ಹಂತದಲ್ಲಿ ರೋಗಾಣುವು ಗಿಡಕ್ಕೆ ಹೊರನೋಟಕ್ಕೆ ಕಾಣುವಂತಹ ಹಾನಿ ಮಾಡುವುದಿಲ್ಲ. ಈ ಕುಲದ ದುಂಡಾಣುಗಳು ತಮ್ಮ ಸುತ್ತ ಒಂದು ಬಗೆಯ ಸಂಕೇತ ರಾಸಾಯನಿಕವನ್ನು ಹೊರಬಿಡುತ್ತವೆ. ಕೋಶಗಳ ಸಂಖ್ಯೆ ಹೆಚ್ಚಿದಂತೆ ಈ ರಾಸಾಯನಿಕದ ಸಾಂದ್ರತೆಯೂ ಹೆಚ್ಚಿ, ಒಂದು ಮಟ್ಟ ಮೀರಿದಾಗ ಎಲ್ಲ ಕೋಶಗಳೂ ಒಟ್ಟಾಗಿ ಗಿಡದ ಭಿತ್ತಿಯನ್ನು ಕರಗಿಸುವ ಕಿಣ್ವಗಳನ್ನೂ ಲೋಳೆಯನ್ನೂ ಹೆಚ್ಚಿನ ಪ್ರಮಾಣದಲ್ಲಿ ಉತ್ಪಾದಿಸುತ್ತವೆ. ಆಗ ಎಲೆಯಲ್ಲಿ ನೀರು ತುಂಬಿದಂತಹ ಮಚ್ಚೆ ಮೂಡಿ, ಕಂದು ಬಣ್ಣಕ್ಕೆ ತಿರುಗಿ, ಸುತ್ತಲೂ ಹಳದಿ ಅಂಚು ಕಾಣಿಸಿಕೊಳ್ಳುತ್ತದೆ. ಕಾಂಡದ ಗೆಣ್ಣುಗಳಲ್ಲಿ ಕಪ್ಪು ಮಚ್ಚೆಗಳಾಗಿ ಟೊಂಗೆಗಳು ಮುರಿಯುತ್ತವೆ. ಕಾಯಿಗಳ ಮೇಲಿನ ಕಪ್ಪು ಮಚ್ಚೆಗಳು ಸೀಳಿ, ಕಾಯಿ ಒಡೆದು ಮಾರಾಟಕ್ಕೆ ಯೋಗ್ಯವಲ್ಲದಂತಾಗುತ್ತದೆ. ಮಚ್ಚೆಯಿಂದ ಒಸರುವ ಲೋಳೆಯ ಒಂದು ಹನಿಯಲ್ಲಿ ಕೋಟಿಗಟ್ಟಲೆ ಕೋಶಗಳಿದ್ದು, ಮುಂದಿನ ಮಳೆಹನಿಯು ಅವುಗಳನ್ನು ಪಕ್ಕದ ಗಿಡಕ್ಕೆ ಸಿಡಿಸುತ್ತದೆ.

ಸಂಖ್ಯೆಯ ಲೆಕ್ಕಾಚಾರ

ಈ ವೃದ್ಧಿಯನ್ನು ಚಕ್ರಬಡ್ಡಿಯ ಲೆಕ್ಕಕ್ಕೆ ಹೋಲಿಸಬಹುದಾಗಿದೆ. ಸಾಲದ ಹೊರೆಯನ್ನು ಅರಿಯದ ಬೆಳೆಗಾರರು ವಿರಳ, ಆದ್ದರಿಂದ ಈ ಹೋಲಿಕೆಯು ಸುಲಭವಾಗಿ ಅರ್ಥವಾಗುವುದು. ಗಿಡದೊಳಗೆ ಸೇರಿದ ಮೊದಲ ಕೋಶಗಳ ಸಂಖ್ಯೆಯೇ ಅಸಲು. ಒಂದು ಕೋಶ ಎರಡಾಗಲು ತಗಲುವ ಸಮಯವು ಬಡ್ಡಿಯ ದರವನ್ನು ನಿರ್ಧರಿಸುತ್ತದೆ. ತೇವದ ದಿನಗಳು ಸಾಲದ ಅವಧಿ.

ಪ್ರಯೋಗಾಲಯದಲ್ಲಿ ಸಮೃದ್ಧ ಆಹಾರ ನೀಡಿದಾಗ ಇ-ಕೋಲಿಯು 20 ನಿಮಿಷಗಳಲ್ಲಿ ಎರಡಾಗುತ್ತದೆ. ಕ್ಸಾಂಥೋಮೊನಾಸ್ ಕುಲದ ದುಂಡಾಣುಗಳು ನಿಧಾನಗತಿಯವು. ಇವುಗಳಿಗೆ ಪ್ರಯೋಗಾಲಯದಲ್ಲಿಯೇ ಸಾಮಾನ್ಯವಾಗಿ 2ರಿಂದ 3 ಗಂಟೆ ಬೇಕಾಗುತ್ತದೆ, ಗಿಡದೊಳಗೆ ಅದಕ್ಕಿಂತ ಹೆಚ್ಚು. ಲೆಕ್ಕದ ಅನುಕೂಲಕ್ಕಾಗಿ, ಅತಿ ಅನುಕೂಲ ಹವೆಯಲ್ಲಿ 4 ಗಂಟೆಗೊಮ್ಮೆ ವಿಭಜನೆಯಾಗುವುದೆಂದು ಭಾವಿಸೋಣ. ಒಂದೇ ಕೋಶವು ಒಂದು ದಿನದಲ್ಲಿ 6 ಬಾರಿ ದ್ವಿಗುಣಗೊಂಡು 64 ಆಗುತ್ತದೆ. ಮೂರು ದಿನಗಳಲ್ಲಿ 2,62,144 ಆಗುತ್ತದೆ. ಐದು ದಿನಗಳಲ್ಲಿ 30 ಬಾರಿ ದ್ವಿಗುಣಗೊಂಡು 107 ಕೋಟಿಯನ್ನು ದಾಟುತ್ತದೆ. ವಾಸ್ತವದಲ್ಲಿ ಸ್ಥಳ ಹಾಗೂ ಆಹಾರದ ಕೊರತೆಯಿಂದಲೂ ಗಿಡದ ಪ್ರತಿರೋಧದಿಂದಲೂ ವೃದ್ಧಿಯು ಒಂದು ಹಂತದಲ್ಲಿ ನಿಲ್ಲುತ್ತದೆ. ಆದರೆ ಮಚ್ಚೆ ಮೂಡಲು ಅಷ್ಟರವರೆಗಿನ ವೃದ್ಧಿಯೇ ಸಾಕು.

ಈ ಲೆಕ್ಕದಲ್ಲಿ ಗಮನಿಸತಕ್ಕ ಅಂಶಗಳು ಮೂರು. ಐದನೆಯ ದಿನ ಮಚ್ಚೆ ಕಂಡಿತೆಂದರೆ, ಅದರ ಹಿಂದಿನ ದಿನ ಇದ್ದದ್ದು ಆ ಸಂಖ್ಯೆಯ 64ರಲ್ಲಿ ಒಂದು ಪಾಲು ಮಾತ್ರ, ಮತ್ತು ಆ ದಿನ ಎಲೆಯು ನೋಡಲು ಆರೋಗ್ಯವಾಗಿಯೇ ಇತ್ತು. ಮಚ್ಚೆಯನ್ನು ಕಂಡ ನಂತರ ಸಿಂಪರಣೆಗೆ ಓಡುವುದೆಂದರೆ ಖಾತೆಯ ಕೊನೆಯ ಸಾಲನ್ನು ಮಾತ್ರ ಓದಿದಂತೆ.

ಎರಡನೆಯದಾಗಿ, ಅಸಲನ್ನು ಕಡಿಮೆ ಮಾಡುವುದರಿಂದ ದೊರೆಯುವ ಲಾಭಕ್ಕೆ ಒಂದು ಮಿತಿಯಿದೆ. ಸ್ವಚ್ಛತೆ ಹಾಗೂ ಸಿಂಪರಣೆಯಿಂದ ಸಾವಿರ ಕೋಶಗಳಲ್ಲಿ 999 ಸತ್ತವೆಂದು ಇಟ್ಟುಕೊಂಡರೂ, ಉಳಿದ ಒಂದು ಕೋಶವು 10 ಬಾರಿ ದ್ವಿಗುಣಗೊಂಡು ಮರಳಿ ಸಾವಿರವಾಗುತ್ತದೆ. 4 ಗಂಟೆಯ ಲೆಕ್ಕದಲ್ಲಿ ಇದಕ್ಕೆ ತಗಲುವುದು 40 ಗಂಟೆ. ಸತತ ಮಳೆಯ ದಿನಗಳಲ್ಲಿ ಬಾರಿ ಬಾರಿ ಸಿಂಪಡಿಸಿದರೂ ರೋಗ ಹತೋಟಿಗೆ ಬರಲಿಲ್ಲವೆಂಬ ದೂರಿಗೆ ಔಷಧಿಯ ಗುಣಮಟ್ಟವೇ ಕಾರಣವಾಗಿರಬೇಕೆಂದಿಲ್ಲ.

ದರವನ್ನು ಕಡಿಮೆ ಮಾಡಿದಾಗ ಆಗುವ ವ್ಯತ್ಯಾಸ ಇದಕ್ಕಿಂತ ಬಹಳ ದೊಡ್ಡದು. ಒಣ ಹವೆ, ಗಾಳಿಯಾಟ ಹಾಗೂ ಬಿಸಿಲಿನಿಂದಾಗಿ ಒಂದು ವಿಭಜನೆಗೆ 4ರ ಬದಲು 8 ಗಂಟೆ ಬೇಕಾದಲ್ಲಿ, ಐದು ದಿನಗಳ ನಂತರದ ಸಂಖ್ಯೆಯು 107 ಕೋಟಿಯ ಬದಲು 32,768 ಆಗಿರುತ್ತದೆ. 12 ಗಂಟೆ ಬೇಕಾದಲ್ಲಿ 1,024 ಮಾತ್ರ. ಗಿಡದೊಳಗಿನ ತೇವವು ಅಷ್ಟರಲ್ಲಿ ಆರಿದರೆ ವಿಭಜನೆಯೇ ನಿಲ್ಲುತ್ತದೆ.

ನಿರ್ವಹಣಾ ಕ್ರಮಗಳು

ಸಸಿಗಳ ಆಯ್ಕೆಯು ಮೊದಲ ಸ್ಥಾನದಲ್ಲಿ ಬರುತ್ತದೆ. ಸೊನ್ನೆಯನ್ನು ಎಷ್ಟು ಬಾರಿ ದ್ವಿಗುಣಗೊಳಿಸಿದರೂ ಸೊನ್ನೆಯೇ ಆಗಿರುವುದರಿಂದ, ರೋಗಾಣುವೇ ಇಲ್ಲದ ಸಸಿಗಳಿಂದ ತೋಟವನ್ನು ಪ್ರಾರಂಭಿಸುವುದಕ್ಕೆ ಸಮನಾದ ಕ್ರಮ ಬೇರೊಂದಿಲ್ಲ. ರೋಗವಿರುವ ತಾಯಿ ಗಿಡಗಳಿಂದ ಗೂಟಿ ಕಟ್ಟಿ ತಯಾರಿಸಿದ ಸಸಿಗಳು ನೋಡಲು ಚೆನ್ನಾಗಿದ್ದರೂ ರೋಗಾಣುವನ್ನು ಹೊಸ ಪ್ರದೇಶಕ್ಕೆ ಒಯ್ಯುತ್ತವೆ. ಈ ರೋಗವು ದೂರದ ಜಿಲ್ಲೆಗಳನ್ನು ತಲುಪಿದ್ದರಲ್ಲಿ ಮಳೆಗಾಳಿಗಿಂತ ಸಸಿ ತುಂಬಿದ ವಾಹನಗಳ ಪಾತ್ರವೇ ಹೆಚ್ಚಿನದು. ಬೆಲೆ ಕಡಿಮೆಯೆಂಬ ಕಾರಣಕ್ಕೆ ಮೂಲ ತಿಳಿಯದ ಸಸಿಗಳನ್ನು ಖರೀದಿಸಬಾರದು.

ಹಂಗಾಮಿನ ಆಯ್ಕೆಯು ವಿಭಜನೆಯ ದರಕ್ಕೆ ಸಂಬಂಧಿಸಿದ್ದು. ಜೂನ್-ಜುಲೈ ತಿಂಗಳುಗಳಲ್ಲಿ ಹೂ ಬಿಡಿಸುವ ಮೃಗ ಬಹಾರದಲ್ಲಿ ಎಳೆಯ ಚಿಗುರು ಹಾಗೂ ಕಾಯಿಗಳು ಮಳೆಗಾಲದ ತೇವಕ್ಕೆ ಸಿಕ್ಕಿಕೊಳ್ಳುತ್ತವೆ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳ ಹಸ್ತ ಬಹಾರದಲ್ಲಿ ಕಾಯಿಗಳ ಬೆಳವಣಿಗೆಯು ಬಹುಪಾಲು ಒಣ ಹಾಗೂ ತಂಪು ದಿನಗಳಲ್ಲಿ ನಡೆಯುತ್ತದೆ. ರೋಗ ಕಾಣಿಸಿಕೊಂಡಿರುವ ಪ್ರದೇಶಗಳಲ್ಲಿ ಮಳೆಗಾಲದ ಬೆಳೆಯನ್ನು ಕೈಬಿಡುವಂತೆ ಸಲಹೆ ನೀಡುವುದು ಈ ಕಾರಣದಿಂದಲೇ. ಮಳೆಗಾಲದ ಬೆಳೆಗೆ ನೀರಿನ ಖರ್ಚು ಕಡಿಮೆಯೆಂಬುದು ನಿಜವಾದರೂ, ಆ ಉಳಿತಾಯವನ್ನು ಸಂಪೂರ್ಣ ಫಸಲು ನಷ್ಟದ ಸಂಭವದೊಡನೆ ತೂಗಿ ನೋಡಬೇಕಾಗುತ್ತದೆ. ಗಿಡಗಳ ನಡುವೆ ಸಾಕಷ್ಟು ಅಂತರ ಬಿಡುವುದು, ಒಳಗಿನ ದಟ್ಟ ರೆಂಬೆಗಳನ್ನು ತೆಗೆದು ಬಿಸಿಲು ಗಾಳಿಗೆ ಅವಕಾಶ ಮಾಡುವುದು ಹಾಗೂ ಹನಿ ನೀರಾವರಿಯಿಂದ ಎಲೆಗಳನ್ನು ಒಣದಾಗಿರಿಸುವುದು ಕೂಡ ಇದೇ ಉದ್ದೇಶವನ್ನು ಸಾಧಿಸುತ್ತವೆ.

ಫಸಲು ಕಟಾವಾದ ನಂತರ ಗಿಡಗಳಿಗೆ 3ರಿಂದ 4 ತಿಂಗಳು ವಿಶ್ರಾಂತಿ ನೀಡಬೇಕು. ಈ ಅವಧಿಯಲ್ಲಿ ರೋಗಾಣುವು ಬಿದ್ದ ಎಲೆ, ಕಾಯಿ ಹಾಗೂ ಕಾಂಡದ ಮಚ್ಚೆಗಳಲ್ಲಿ ವಿಭಜನೆಯಾಗದೆ, ಆದರೆ ಜೀವಂತವಾಗಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಬಡ್ಡಿ ಬೆಳೆಯದ ಈ ಸಮಯದಲ್ಲಿ ಅಸಲನ್ನು ತೀರಿಸಿಕೊಳ್ಳಬೇಕು. ರೋಗ ತಗುಲಿದ ಟೊಂಗೆಗಳನ್ನು ಮಚ್ಚೆಯಿಂದ ಕನಿಷ್ಠ ಎರಡು ಅಂಗುಲ ಕೆಳಗೆ ಸವರಿ ತೆಗೆಯಬೇಕು, ಏಕೆಂದರೆ ಮಚ್ಚೆಯ ಅಂಚಿನಿಂದಾಚೆಗೂ ಹೊರನೋಟಕ್ಕೆ ಕಾಣದಂತೆ ಕೋಶಗಳು ಹರಡಿರುತ್ತವೆ. ಕಡಿದ ಭಾಗಗಳಿಗೆ ಬೋರ್ಡೊ ಮುಲಾಮು ಹಚ್ಚಬೇಕು. ತೋಟದಲ್ಲಿ ಬಿದ್ದ ಎಲೆ, ಕಾಯಿ, ಕಡ್ಡಿಗಳನ್ನೆಲ್ಲ ಆರಿಸಿ ಸುಡಬೇಕು. ಇವುಗಳನ್ನು ಬದುವಿನ ಮೇಲೆ ರಾಶಿ ಹಾಕಿ ಬಿಡುವ ಪದ್ಧತಿಯಿಂದ ಮೊದಲ ಮಳೆಗೆ ರೋಗವು ಮರಳಿ ತೋಟಕ್ಕೆ ಬರುತ್ತದೆ.

ಸವರುವ ಕತ್ತರಿಯನ್ನು ಪ್ರತಿ ಗಿಡಕ್ಕೂ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಬಳಸುವುದು ಅತ್ಯಗತ್ಯ. ಕೂಲಿ ಲೆಕ್ಕದಲ್ಲಿ ಇದು ಸಮಯ ಹಿಡಿಯುವ ಕೆಲಸವೆಂದು ಕೈಬಿಡುವವರೇ ಹೆಚ್ಚು. ಒಂದು ಗಿಡದ ಲೋಳೆ ಅಂಟಿದ ಕತ್ತರಿಯು ಮುಂದಿನ ಗಿಡದ ಹಸಿ ಗಾಯಕ್ಕೆ ಲಕ್ಷಗಟ್ಟಲೆ ಕೋಶಗಳನ್ನು ನೇರವಾಗಿ ತಲುಪಿಸುವುದರಿಂದ, ಅಲ್ಲಿ ಸುಮಾರು ಹದಿನೇಳು ಹದಿನೆಂಟು ವಿಭಜನೆಗಳ ಕೆಲಸವು ರೋಗಾಣುವಿಗೆ ಉಳಿತಾಯವಾಗುತ್ತದೆ. ಕತ್ತರಿ ಹಿಡಿದು ತೋಟದಿಂದ ತೋಟಕ್ಕೆ ಹೋಗುವ ತಂಡಗಳು ಈ ವಿಷಯದಲ್ಲಿ ವಿಶೇಷ ಎಚ್ಚರಿಕೆ ವಹಿಸುವಂತೆ ತೋಟದ ಮಾಲೀಕರು ನೋಡಿಕೊಳ್ಳತಕ್ಕದ್ದು.

ಬೋರ್ಡೊ ದ್ರಾವಣ ಹಾಗೂ ಇತರೆ ತಾಮ್ರಯುಕ್ತ ಔಷಧಿಗಳು ಎಲೆಯ ಮೇಲ್ಮೈಯಲ್ಲಿರುವ ಕೋಶಗಳನ್ನು ಕೊಲ್ಲುತ್ತವೆ. ಎಲೆಯೊಳಗೆ ಸೇರಿ ವಿಭಜನೆ ಪ್ರಾರಂಭಿಸಿದ ಕೋಶಗಳನ್ನು ಇವು ತಲುಪುವುದಿಲ್ಲ. ಆದ್ದರಿಂದ ಸಿಂಪರಣೆಯು ಮಳೆಗೆ ಮುನ್ನ ಹಾಗೂ ಸವರಿದ ತಕ್ಷಣ ಆಗಬೇಕು. ಶೇಕಡ 1ರ ಬೋರ್ಡೊ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಹಾಗೂ 1 ಕೆ.ಜಿ. ಸುಣ್ಣ ಬೇಕಾಗುತ್ತದೆ. ಇದನ್ನು ತಯಾರಿಸಿದ ದಿನವೇ ಬಳಸಬೇಕು.

ಪ್ರತಿಜೀವಕಗಳ ಬಳಕೆ ಕುರಿತು

ಸ್ಟ್ರೆಪ್ಟೊಮೈಸಿನ್ ಹಾಗೂ ಟೆಟ್ರಾಸೈಕ್ಲಿನ್ ಮಿಶ್ರಣವನ್ನು ದಾಳಿಂಬೆ ತೋಟಗಳಲ್ಲಿ ಅನೇಕ ವರ್ಷಗಳಿಂದ ಬಳಸುತ್ತಾ ಬರಲಾಗಿದೆ. ಇವೆರಡೂ ವಿಭಜನೆಯ ಉಂಗುರವನ್ನು ನೇರವಾಗಿ ತಡೆಯುವುದಿಲ್ಲ. ಕೋಶದಲ್ಲಿ ಪ್ರೋಟೀನ್ ತಯಾರಾಗುವ ರೈಬೋಸೋಮ್ ಎಂಬ ಭಾಗಕ್ಕೆ ಅಡ್ಡಿಪಡಿಸುತ್ತವೆ. ಹೊಸ ಪ್ರೋಟೀನ್ ಇಲ್ಲದೆ ಕೋಶವು ಬೆಳೆಯಲಾರದು, ಎರಡಾಗಲಾರದು.

ಪ್ರತಿ ವಿಭಜನೆಯಲ್ಲಿ 50 ಲಕ್ಷ ಅಕ್ಷರಗಳ ನಕಲಾಗುವಾಗ ಅಪರೂಪಕ್ಕೆ ಒಂದು ತಪ್ಪು ಉಳಿದುಬಿಡುತ್ತದೆ. ಇಂತಹ ತಪ್ಪು ಕೆಲವು ನೂರು ವಿಭಜನೆಗಳಿಗೆ ಒಂದರಂತೆ ಆಗುತ್ತದೆ. ಬಹುತೇಕ ತಪ್ಪುಗಳಿಂದ ಯಾವ ಪರಿಣಾಮವೂ ಆಗುವುದಿಲ್ಲ, ಕೆಲವು ಕೋಶಕ್ಕೇ ಹಾನಿಕರ. ಆದರೆ ರೈಬೋಸೋಮಿನ ಒಂದು ಪ್ರೋಟೀನ್‌ಗೆ ಸಂಬಂಧಿಸಿದ ಒಂದೇ ಅಕ್ಷರ ಬದಲಾದರೂ ಸ್ಟ್ರೆಪ್ಟೊಮೈಸಿನ್ ನಾಟದಂತಾಗಬಹುದು. ನೂರಾರು ಕೋಟಿ ಕೋಶಗಳಿರುವ ರೋಗಗ್ರಸ್ತ ತೋಟದಲ್ಲಿ ಅಂತಹ ಒಂದೆರಡು ಕೋಶಗಳು ಇರುವ ಸಂಭವ ಹೆಚ್ಚು. ಔಷಧಿಯು ಉಳಿದವನ್ನೆಲ್ಲ ಕೊಂದು ಇವುಗಳಿಗೆ ಸ್ಥಳ ತೆರವು ಮಾಡಿಕೊಡುತ್ತದೆ. ಮೂವತ್ತು ವಿಭಜನೆಗಳ ನಂತರ ತೋಟದಲ್ಲಿರುವುದು ಅವುಗಳ ಸಂತತಿಯೇ. ಇದಲ್ಲದೆ ಪ್ರತಿರೋಧದ ಗುಣವಿರುವ ಚಿಕ್ಕ ಡಿಎನ್‌ಎ ಬಳೆಗಳನ್ನು ದುಂಡಾಣುಗಳು ಒಂದರಿಂದ ಇನ್ನೊಂದಕ್ಕೆ ದಾಟಿಸಿಕೊಳ್ಳುತ್ತವೆ. ತಾಮ್ರಕ್ಕೆ ಪ್ರತಿರೋಧವೂ ಈ ಮಾರ್ಗದಲ್ಲಿ ಹರಡುತ್ತದೆ.

ಸ್ಟ್ರೆಪ್ಟೊಮೈಸಿನ್ ಕ್ಷಯರೋಗದ ಚಿಕಿತ್ಸೆಯಲ್ಲಿಯೂ ಬಳಕೆಯಾಗುವ ಔಷಧಿಯಾಗಿರುವುದರಿಂದ ವಿಷಯವು ತೋಟಕ್ಕಷ್ಟೇ ಸೀಮಿತವಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಮತ್ತು ರೈತರ ಕಲ್ಯಾಣ ಸಚಿವಾಲಯವು ಈ ಎರಡು ಪ್ರತಿಜೀವಕಗಳ ಕೃಷಿ ಬಳಕೆಯನ್ನು ಕೊನೆಗಾಣಿಸುವ ಕುರಿತು ಕರಡು ಆದೇಶವನ್ನು ಹೊರಡಿಸಿತು. ಆದ್ದರಿಂದ ಅಂಗಡಿಯವರ ಮಾತಿನ ಮೇಲೆ ಯಾವುದೇ ಪ್ರತಿಜೀವಕವನ್ನು ಸಿಂಪಡಿಸದೆ, ಆಯಾ ವರ್ಷದ ಅಧಿಕೃತ ಬೇಸಾಯ ಪದ್ಧತಿಯಲ್ಲಿ ಸೂಚಿಸಿರುವ ಔಷಧಿಗಳನ್ನು ಮಾತ್ರ ಸೂಚಿಸಿದ ಪ್ರಮಾಣದಲ್ಲಿ ಬಳಸತಕ್ಕದ್ದು.

ವಿಭಜನೆಯ ಉಂಗುರವನ್ನೇ ಗುರಿಯಾಗಿಸಿಕೊಂಡ ಔಷಧಿಗಳ ಹುಡುಕಾಟವೂ ನಡೆದಿದೆ. ಗ್ಯಾಲಿಕ್ ಆಮ್ಲದಿಂದ ತಯಾರಿಸಿದ ಆಲ್ಕೈಲ್ ಗ್ಯಾಲೇಟ್ ಎಂಬ ಸಂಯುಕ್ತಗಳು ನಿಂಬೆಯ ಕಜ್ಜಿ ರೋಗಾಣುವಿನಲ್ಲಿ ಉಂಗುರ ರಚನೆಗೆ ಅಡ್ಡಿಯಾಗುವುದನ್ನು ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದ್ದಾರೆ. ಎಫ್‌ಟಿಎಸ್-ಝಡ್ ಉಂಗುರವು ಗಿಡದ ಅಥವಾ ಮನುಷ್ಯರ ಜೀವಕೋಶ ವಿಭಜನೆಯಲ್ಲಿ ಇಲ್ಲದಿರುವುದು ಈ ಮಾರ್ಗದ ಅನುಕೂಲವಾಗಿದೆ.

ಹೆಚ್ಚಿನ ಮಾಹಿತಿಗಾಗಿ

ರೋಗದ ಲಕ್ಷಣಗಳು ಕಂಡುಬಂದಲ್ಲಿ ಬೆಳೆಗಾರರು ರೋಗ ತಗುಲಿದ ಎಲೆ ಅಥವಾ ಕಾಯಿಯನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿರಿಸಿ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತರಬಹುದಾಗಿದೆ. ಚೀಲವಿಲ್ಲದೆ ಕೈಯಲ್ಲಿ ಹಿಡಿದು ಇತರರ ತೋಟಗಳ ಮೂಲಕ ತರಬಾರದು. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ಸೊಲ್ಲಾಪುರದಲ್ಲಿ 2005ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರಗಳಿಂದ ಬೇಸಾಯ ಕ್ರಮಗಳ ಬಗ್ಗೆ ಮಾಹಿತಿ ಪಡೆಯಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದಾಗಿದೆ.